ಎಲ್ಲರಿಗೂ ಹೋದ ಮೆಸೇಜು

ಮಾರ್ಚ್ 3, ಸೋಮವಾರ

ಹಾಲು ಉಕ್ಕಿಸಿದೆ, ಒಲೆ ಒರೆಸಿದ್ದಾಯಿತು. ಚೂಟಿ ಎಂದಿನಂತೆ ಒಂದು ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡಿದಳು.

ತಂಗಿಯ ಮಗಳು. ಸ್ಕೂಲು ಮುಗಿಸಿದವಳು ಕಾಲೇಜಿನ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ಸೇರಿದ್ದಾಳೆ. ಪ್ರೋಗ್ರಾಂ ಬರೆಯುವ ಕೆಲಸ. ಆಸ್ಪತ್ರೆಗಳ ಪರವಾಗಿ ಪೇಶೆಂಟುಗಳಿಗೆ ಮೆಸೇಜು ಕಳಿಸುವ ಪುಟ್ಟ ಕಂಪನಿ. ಆಫೀಸಿಗೆ ಹತ್ತಿರವೆಂದು ನನ್ನ ಮನೆಯಲ್ಲಿದ್ದಾಳೆ. ಟ್ರೈನಿ ಅವಧಿ ಈ ತಿಂಗಳಿಗೆ ಮುಗಿಯುತ್ತದೆ. ಖಾಯಂ ಮಾಡಿದರೆ ಸರಿ, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕಾಲೇಜಿಗೆ — ತಂಗಿಯ ಷರತ್ತು.

ವಿಡಿಯೋ ನೋಡಿ ತಾನಾಗಿ ಕಲಿತ ಮಗು. ನಾನೂ ಹಾಗೆಯೇ. ಹೊಲಿಗೆ, ಟೈಪಿಂಗು, ಸ್ಕೂಟರು — ಎಲ್ಲ ಬಿದ್ದು ಎದ್ದು ಕಲಿತದ್ದು. ಅದಕ್ಕೇ ತಂಗಿ ಅನ್ನುವುದು, "ಅವಳನ್ನ ಕೆಡಿಸಿದ್ದೇ ನೀನು ಅಕ್ಕ."

ಈಗ ಅವಳಿಗೆ ಕೊಟ್ಟಿರುವುದು ಇದು: ಡಾಕ್ಟರು ರಜಾ ಹಾಕಿದರೆ ಅವತ್ತಿನ ಪೇಶೆಂಟುಗಳಿಗೆಲ್ಲ ತಾನಾಗಿಯೇ ಸುದ್ದಿ ಹೋಗಬೇಕು. ಪ್ರಯೋಗದ ಇಲಿ ನಾನೇ. ನಾನು ಹೋಗುವ ಕಣ್ಣಿನ ಆಸ್ಪತ್ರೆಯೂ ಅವರ ಗಿರಾಕಿ.

"ನಿನ್ನ ನಂಬರಿಗೆ ಮಾತ್ರ ಕಳಿಸ್ತೀನಿ ದೊಡ್ಡಮ್ಮ. ಬಂದ ತಕ್ಷಣ ಫೋನ್ ಮಾಡು."

"ಸಂಬಳ ಎಷ್ಟು?"

"ಒಂದು ಐಸ್‌ಕ್ರೀಮು."

ಒಪ್ಪಿಕೊಂಡೆ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಅಕ್ಷರ ಸೊಟ್ಟಗೆ ಬೀಳುತ್ತಿದೆ.

ಕಣ್ಣಿನ ಪೊರೆ ತೋರಿಸಲು ಹೋಗಿದ್ದೆ. ಕುರ್ಚಿಗಳೆಲ್ಲ ಭರ್ತಿ. ಮೊಬೈಲು ಟಿಣ್ ಎಂದಿತು. ‘ನಿಮ್ಮ ಅಪಾಯಿಂಟ್‌ಮೆಂಟ್ ರದ್ದಾಗಿದೆ. ದಯವಿಟ್ಟು ಆಸ್ಪತ್ರೆಗೆ ಬರಬೇಡಿ.’ ಚೂಟಿಯದ್ದು! ಎಷ್ಟು ಖುಷಿಯಾಯಿತೆಂದರೆ... ಒಂದೇ ಕ್ಷಣ. ಪಕ್ಕದಾಕೆಯ ಮೊಬೈಲೂ ಟಿಣ್. ಎದುರಿನವರದ್ದು. ಹಿಂದಿನ ಸಾಲಿನಲ್ಲಿ ಒಂದಾದ ಮೇಲೊಂದು.

ಕಣ್ಣಿಗೆ ಔಷಧ ಬಿಟ್ಟುಕೊಂಡು ಕೂತಿದ್ದ ತಾತನಿಗೆ ಮಗಳು ಓದಿ ಹೇಳಿದಳು. ತಾತ ಕಿಡಿಕಿಡಿ. "ಬರಬೇಡಿ ಅಂದ್ರೆ? ಬಂದು ಕೂತು ಸೊಂಟ ಬಿದ್ದುಹೋಗಿದೆಯಲ್ಲಮ್ಮ!"

ಕೌಂಟರಿನ ಹುಡುಗಿ ಬಿಳಿಚಿಕೊಂಡಿದ್ದಳು. "ನಾವು ಕಳಿಸಿಲ್ಲ... ನಾವು ಕಳಿಸಿಲ್ಲ..." ಅರ್ಧ ಜನ ಎದ್ದರು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಚಾಚಿ, ಬಸ್ಸು ತಡೆಯುವವರ ಹಾಗೆ.

"ಹೋಗಬೇಡಿ, ಅದು ತಪ್ಪು ಮೆಸೇಜು!"

"ಅದನ್ನ ಹೇಳೋಕೆ ನೀವ್ಯಾರು?"

"ನಾನು... ನಾನೂ ಪೇಶೆಂಟೇ."

ಅಷ್ಟೇ ಹೇಳಿದೆ. ಡಾಕ್ಟರು ಹೊರಗೆ ಬಂದು ಮುಖ ತೋರಿಸಿದ ಮೇಲೆಯೇ ಜನ ಕೂತದ್ದು. ಅಲ್ಲಿದ್ದವರೇನೋ ಉಳಿದರು. ಮನೆಯಲ್ಲಿ ಕೂತು ಮೆಸೇಜು ಓದಿದವರು?

ಚೂಟಿಗೆ ಫೋನು. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದವಳ ದನಿಯಲ್ಲಿ ನಗು.

"ಬಂತಾ ದೊಡ್ಡಮ್ಮಾ?"

"ಬಂತು ಕಂದ. ಎಲ್ಲರಿಗೂ ಬಂತು."



ಅದೇ ದಿನ, ಸಂಜೆ 7

ಬಂದಳು. ಬ್ಯಾಗನ್ನೂ ಇಳಿಸದೆ ಕೂತಿದ್ದಾಳೆ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ತಿಳಿದದ್ದು:

ಅಭ್ಯಾಸಕ್ಕೆಂದು ಅವರಲ್ಲಿ ಬೇರೆಯೇ ಒಂದು ಸಿಸ್ಟಮ್ ಇದೆ. ಅದರಲ್ಲಿರುವವರು ಸುಳ್ಳು ಪೇಶೆಂಟುಗಳು. ಏನು ಕಳಿಸಿದರೂ, ಪ್ರಯೋಗಕ್ಕೆಂದು ಸೇರಿಸಿದ ನನ್ನಂಥವರ ನಂಬರು ಬಿಟ್ಟರೆ, ಯಾರಿಗೂ ಮುಟ್ಟುವುದಿಲ್ಲ. ಇವತ್ತು ಅದು ಕೆಟ್ಟು ಕೂತಿತ್ತು. ಇವಳಿಗೆ ಕೆಲಸ ಕಲಿಸುವ ಸೀನಿಯರ್ — ಸದಾ ಕಿವಿ ಮುಚ್ಚಿಕೊಂಡಿರುತ್ತಾನೆಂದು ಇವಳು ಇಟ್ಟ ಹೆಸರು ಹೆಡ್‌ಫೋನ್ — "ನಿಜವಾದದ್ದರಲ್ಲೇ ಮಾಡು, ಒಂದೇ ನಂಬರಲ್ವಾ" ಎಂದು ತನ್ನ ಪಾಸ್‌ವರ್ಡ್ ಕೊಟ್ಟನಂತೆ. ಟ್ರೈನಿಗಳು ನಿಜವಾದದ್ದನ್ನು ಮುಟ್ಟುವ ಹಾಗೇ ಇಲ್ಲ. ‘ದೊಡ್ಡಮ್ಮನಿಗೆ ಮಾತ್ರ’ ಎಂದು ಪ್ರೋಗ್ರಾಮಿನಲ್ಲಿದ್ದ ಸಾಲನ್ನು ಏನೋ ನೋಡಲೆಂದು ಚೂಟಿ ಆಫ್ ಮಾಡಿದ್ದಳು. ಮತ್ತೆ ಆನ್ ಮಾಡಲು ಮರೆತಳು.

ಒಂದು ಸಾಲು!

ಮಾರ್ಚ್ 7, ಶುಕ್ರವಾರ

ಆಸ್ಪತ್ರೆಯವರು ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆಯುತ್ತಿದ್ದಾರೆ. ಎಲ್ಲರೂ ಸಿಕ್ಕಿದರು, ಒಬ್ಬಾಕೆಯ ಹೊರತು. ಶಾಲೆಯೊಂದರಲ್ಲಿ ಸಂಗೀತದ ಟೀಚರು. ಕಣ್ಣಿನ ಒಳಪದರ ಹರಿದಿದೆ, ನಿನ್ನೆ ಮಧ್ಯಾಹ್ನವೇ ಲೇಸರ್ ಆಗಬೇಕಿತ್ತು. ತಡವಾದಷ್ಟೂ ಕಷ್ಟವಂತೆ. ಫೋನು ಸ್ವಿಚ್ ಆಫ್. ಮನೆಗೆ ಬೀಗ.

ಚೂಟಿ ಅನ್ನದ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. "ಬರಬೇಡಿ ಅಂತ ಬರೆದವಳು ನಾನೇ ದೊಡ್ಡಮ್ಮ. ಮೊದಲು ‘ಬರುವ ಅಗತ್ಯವಿಲ್ಲ’ ಅಂತ ಇತ್ತು. ಗಟ್ಟಿಯಾಗಿ ಹೇಳೋಣ ಅಂತ..."

ತಲೆ ಸವರಿದೆ.

ಮಾರ್ಚ್ 8, ಶನಿವಾರ

ಸಿಕ್ಕಿದರು. ‘ಹೇಗೂ ರದ್ದಾಯಿತಲ್ಲ’ ಎಂದು ಅಣ್ಣನ ಮನೆಗೆ ಹೋಗಿದ್ದರಂತೆ, ಚಾರ್ಜರ್ ಮರೆತು. ಇವತ್ತು ಲೇಸರ್ ಆಯಿತು. ಕಣ್ಣು ಉಳಿದಿದೆ. ಆದರೆ ಒಂದು ಮೂಲೆಯಲ್ಲಿ ನೆರಳು ಕಾಣುತ್ತಂತೆ. ಮೊದಲೇ ಇತ್ತೋ, ತಡವಾಗಿದ್ದಕ್ಕೆ ಬಂತೋ — ಡಾಕ್ಟರಿಗೂ ಗೊತ್ತಿಲ್ಲ.

ಚೂಟಿ ಕೇಳಿಸಿಕೊಂಡಳು. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟಳು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು.

ಮಾರ್ಚ್ 9, ಭಾನುವಾರ

ಹೆಡ್‌ಫೋನ್ ಬಂದಿದ್ದ. ಇವತ್ತು ಕಿವಿ ಖಾಲಿ. ರಾಕ್ಷಸನನ್ನು ಊಹಿಸಿಕೊಂಡಿದ್ದೆ, ಬಂದದ್ದು ನಿದ್ದೆಗೆಟ್ಟ ಸಣಕಲು ಹುಡುಗ. ಭುಜದ ಮೇಲೆ ಮಗು ಕಕ್ಕಿದ ಕಲೆ.

"ನಾಳೆ ಮೀಟಿಂಗು ಆಂಟಿ. ನಮ್ಮಲ್ಲಿ ಏನಾದ್ರೂ ಎಡವಟ್ಟಾದ್ರೆ ಎಲ್ರೂ ಕೂತು ಮಾತಾಡ್ತೀವಿ. ಯಾರು ಮಾಡಿದ್ರು ಅಂತ ಕೇಳಲ್ಲ, ಹೆಸರು ತೆಗೆಯೋ ಹಾಗೇ ಇಲ್ಲ. ಏನಾಯ್ತು ಅಂತ ಮಾತ್ರ."

"ಒಳ್ಳೇ ಪದ್ಧತಿ ಅಲ್ವೇನಪ್ಪ?"

"ಒಳ್ಳೇದೇ. ಲಾಗಿನ್ ನನ್ನದು, ಒಂದು ಸಾಲು ಆಫ್ ಆಗಿತ್ತು — ಅಷ್ಟಕ್ಕೇ ನಿಲ್ಲಿಸಿದ್ರೆ ಮುಗೀತು. ಪಾಸ್‌ವರ್ಡ್ ವಿಷಯ ಎತ್ತಿದ್ರೆ ಇವಳೂ ಹೋಗ್ತಾಳೆ, ನಾನೂ ಹೋಗ್ತೀನಿ." ಟೀ ಲೋಟ ಹಾಗೇ ಹಿಡಿದುಕೊಂಡಿದ್ದ. "ಮಗು ಇನ್ನೂ ಚಿಕ್ಕದು ಆಂಟಿ."

ಅವನು ಇಳಿದು ಹೋಗುವಷ್ಟರಲ್ಲಿ ತಂಗಿಯ ಫೋನು, ಚೂಟಿ ಬೆಳಿಗ್ಗೆಯೇ ಅವಳಿಗೆ ಎಲ್ಲ ಹೇಳಿದ್ದಳಂತೆ. "ಅವಳಿಗೆ ತೆಪ್ಪಗಿರೋಕೆ ಹೇಳು ಅಕ್ಕ. ಸತ್ಯಕ್ಕೆ ಹುಟ್ಟಿದವಳ ಹಾಗೆ ಆಡೋದು ಬೇಡ."

ಕಾಲೇಜು ಕಾಲೇಜು ಎಂದು ಪ್ರಾಣ ತಿನ್ನುತ್ತಿದ್ದವಳು ಮಗಳ ಕೆಲಸ ಉಳಿಯಲೆಂದು ಬೇಡುತ್ತಿದ್ದಾಳೆ. ನಗು ಬಂತು, ಅಳುವೂ ಬಂತು.

ನಾನೂ ಚೂಟಿಗೆ ಅದನ್ನೇ ಹೇಳಿದೆ. ಹೌದು, ಹೇಳಿದೆ. "ಸುಮ್ಮನಿದ್ದುಬಿಡು ಕಂದ. ಯಾರೂ ಕೇಳೋದೇ ಇಲ್ಲವಲ್ಲ."

ತಲೆ ಎತ್ತಲಿಲ್ಲ. "ಮುಂದಿನ ಟ್ರೈನಿಗೂ ಅದೇ ಪಾಸ್‌ವರ್ಡ್ ಕೊಡ್ತಾರಲ್ಲ ದೊಡ್ಡಮ್ಮ."

ಆಮೇಲೆ ಇಬ್ಬರೂ ಕೂತು ಬಟ್ಟೆ ಮಡಚಿದೆವು.

ಮಾರ್ಚ್ 10, ಸೋಮವಾರ, ಬೆಳಿಗ್ಗೆ 11

ಮೀಟಿಂಗು ಶುರುವಾಗಿರಬೇಕು. ಗುಡಿಸಿದ ನೆಲವನ್ನೇ ಎರಡನೇ ಸಲ ಗುಡಿಸಿದೆ.

ಸಂಜೆ

ಹೇಳಿಬಿಟ್ಟಳು!

ಹೆಡ್‌ಫೋನ್ ತನ್ನ ಪಾಠ ಒಪ್ಪಿಸಿದನಂತೆ — ಸಾಲು ಆಫ್ ಆಗಿತ್ತು, ಇನ್ನು ಮುಂದೆ ನೋಡಿಕೊಳ್ಳುತ್ತೇವೆ. ಎಲ್ಲರೂ ತಲೆಯಾಡಿಸಿದರು. ಕಂಪನಿ ನಡೆಸುವ ಮೇಡಂ ಲ್ಯಾಪ್‌ಟಾಪ್ ಮುಚ್ಚುತ್ತಿದ್ದರು. ಆಗ ಇವಳು, "ಇನ್ನೂ ಇದೆ ಮೇಡಂ."

"ಹೆಸರು ಬೇಡ" ಎಂದರಂತೆ ಮೇಡಂ.

"ಬೇರೆಯವರದ್ದು ಹೇಳಲ್ಲ. ನನ್ನದು ಹೇಳ್ಬಹುದಲ್ವಾ?"

ಟ್ರೈನಿ ನಾನು, ಇನ್ನೊಬ್ಬರ ಪಾಸ್‌ವರ್ಡಿನಲ್ಲಿ ಒಳಗೆ ಹೋದೆ, ಯಾವುದೂ ನನ್ನನ್ನು ತಡೆಯಲಿಲ್ಲ — ಇಷ್ಟು. ಯಾರ ಪಾಸ್‌ವರ್ಡ್ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ರೂಮಿನಲ್ಲಿ ಎಲ್ಲರೂ ಟೇಬಲ್ಲು ನೋಡುತ್ತಿದ್ದರಂತೆ.

ಮೇಡಂ ಕೊನೆಗೆ, "ನೀನು ಮನೆಗೆ ಹೋಗು. ನಾನೇ ಕರೀತೀನಿ."

ಕರೆಯುತ್ತಾರಾ?

ಮಾರ್ಚ್ 19, ಬುಧವಾರ

ಬರೆಯಲು ಮನಸ್ಸೇ ಬಂದಿರಲಿಲ್ಲ. ಇಷ್ಟು ದಿನವೂ ಅವಳು ಸ್ನಾನ ಮಾಡಿ, ಆಫೀಸಿನ ಬಟ್ಟೆ ಹಾಕಿಕೊಂಡು, ಸೋಫಾದ ಮೇಲೆ ಕೂತಿರುತ್ತಿದ್ದಳು.

ಇವತ್ತು ಕರೆ ಬಂತು. ಹೋಗಿ ಬಂದಳು. ಖಾಯಂ ಇಲ್ಲ, ತೆಗೆದೂ ಹಾಕಿಲ್ಲ. ಇನ್ನೂ ಮೂರು ತಿಂಗಳು ಟ್ರೈನಿ. ಪಾಸ್‌ವರ್ಡುಗಳೆಲ್ಲ ಬದಲಾಗಿವೆ, ಇನ್ನು ನಿಜವಾದ ಸಿಸ್ಟಮ್ಮಿನಿಂದ ಏನು ಹೋಗಬೇಕಾದರೂ ಇಬ್ಬರು ನೋಡಿ ಒಪ್ಪಬೇಕು. ಹೆಡ್‌ಫೋನಿನ ಕೆಲಸ ಉಳಿದಿದೆ, ಆದರೆ ಟ್ರೈನಿಗಳಿಗೆ ಕಲಿಸುವುದನ್ನು ಕಿತ್ತುಕೊಂಡರಂತೆ. ಇವಳನ್ನು ಕಂಡರೆ ಮುಖ ತಿರುಗಿಸಿದ. ಅದಕ್ಕೇ ಅತ್ತಳು, ಬೇರೆ ಯಾವುದಕ್ಕೂ ಅಲ್ಲ.

ತಂಗಿಗೆ ಹೇಳಿದೆ. "ಮೂರು ತಿಂಗಳು ಅಂದ್ರೆ ಕಾಲೇಜಿನ ಅರ್ಜಿ ಮುಗಿದಿರುತ್ತೆ" ಎಂದಳು. ಫೋನ್ ಇಡುವ ಮುಂಚೆ, "ಊಟ ಮಾಡ್ತಿದಾಳಾ?"

ಮಾರ್ಚ್ 23, ಭಾನುವಾರ, ಸಂಜೆ 5

ಸಂಗೀತದ ಟೀಚರು ಕಂಪನಿಯವರ ಕ್ಷಮಾಪಣೆಯ ಕಾಗದವನ್ನು ವಾಪಸ್ ಕಳಿಸಿದ್ದಾರೆ. ‘ಯಾರೋ ಟೈಪ್ ಮಾಡಿದ್ದು ನನಗೆ ಬೇಡ’ ಎಂದರಂತೆ. ತಾನು ಮಾತಾಡಬಹುದೇ ಎಂದು ಚೂಟಿಯೇ ಮೇಡಂ ಮೂಲಕ ಕೇಳಿಸಿದಳು. ಆಕೆ, "ಭಾನುವಾರ ಸಂಜೆ ಮಾಡಲಿ" ಎಂದರಂತೆ. ಅಷ್ಟೇ. ಬೈಯುತ್ತಾರೋ, ನೆರಳಿನ ಬಗ್ಗೆ ಹೇಳುತ್ತಾರೋ...

"ನಾನು ಮಾತಾಡ್ಲಾ ಮೊದಲು?" ಎಂದೆ.

"ಬೇಡ. ನೀನು ಸುಮ್ನೆ ಪಕ್ಕದಲ್ಲಿ ಕೂತಿರು. ಏನಾದ್ರೂ ಬರೀತಿರು. ನನ್ನ ಮುಖ ನೋಡಬೇಡ."

ಅದಕ್ಕೇ ಬರೆಯುತ್ತಿದ್ದೇನೆ.

ನಂಬರು ಒತ್ತಿದಳು. ರಿಂಗಾಗುತ್ತಿದೆ. ನನಗೂ ಕೇಳಿಸುತ್ತಿದೆ. ಎತ್ತುತ್ತಿಲ್ಲ. ಎತ್ತದಿದ್ದರೇ ಒಳ್ಳೆಯದೇನೋ — ಛೆ, ಹಾಗೆಲ್ಲ ಅಂದುಕೊಳ್ಳಬಾರದು.

ಎತ್ತಿದರು.

ಚೂಟಿ ಎದ್ದು ನಿಂತಳು, ಕ್ಲಾಸಿನಲ್ಲಿ ಹೆಸರು ಕೂಗಿದಾಗ ನಿಲ್ಲುವ ಹಾಗೆ.

"ನಮಸ್ಕಾರ ಟೀಚರ್. ಆ ಮೆಸೇಜು ಕಳಿಸಿದ್ದು ನಾನು. ನನ್ನ ಹೆಸರು —"