ಸೋಸಿದ ಡಿಸೇಲ್

೪ ನವೆಂಬರ್ ೧೯೮೯
ಇವತ್ತೂ ಅದೇ. ತಂಬಾಕಿನ ಲೋಡು, ತವಂದಿ ಘಾಟಿನ ಅರ್ಧಕ್ಕೆ ಗಾಡಿಯ ಎಳೆತ ಕುಗ್ಗಿತು. ಎರಡನೇ ಗೇರಿಗೆ ತಂದೆ, ಒಂದಕ್ಕೆ ತಂದೆ — ಬಂದ್. ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ತಾಯಿಯನ್ನು ನೆನೆದರು. ಒಂದು ಬೀಡಿ ಸೇದಿ ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಹಳೇ ಗಾಡಿ, ಮುದುಕಿಯ ಸೊಕ್ಕು.

೭ ನವೆಂಬರ್
ಡಿಸೇಲ್ ಫಿಲ್ಟರ್ ಬದಲಿಸಿದೆ. ಪೈಪಿನಲ್ಲಿ ಸೇರಿದ್ದ ಏರ್ ತೆಗೆದೆ. ಬೇಡಕಿಹಾಳದಿಂದ ಚಿಕ್ಕೋಡಿಗೆ ಖಾಲಿ ಓಡಿಸಿದೆ, ಸರಾಗ. ಲೋಡು ಹಾಕಿದ ಮೇಲೆ ಮತ್ತೆ ನಿಂತಿತು. ಗಾಡಿಯ ಮಾಲೀಕ ತವನಪ್ಪ ಸಾವಕಾರರಿಗೆ ಹೇಳಿದರೆ ಮುಖ ನೋಡದೆ ಕೇಳಿದರು:
"ಚಿಮಣಿ ಎಣ್ಣಿ ಕೂಡಿಸಿ ಹೊಡ್ಯಾಕತ್ತೀಯೇನಲೇ ಜ್ಞಾನ್ಯಾ?"
ದಾರಿಯಲ್ಲಿ ಡಿಸೇಲ್ ಮಾರಿಕೊಂಡು ಸೀಮೆಎಣ್ಣೆ ತುಂಬುತ್ತೇನಂತೆ. ಡಿಸೇಲ್ ಡ್ರಮ್ಮಿನ ಬೀಗದ ಕೈ ಅವರ ಉಡದಾರದಲ್ಲಿ. ಟ್ಯಾಂಕಿಗೆ ಸುರಿಯುವವರೂ ಅವರೇ — ಅದೂ ಸೋಸಿ. ನೀರಿನೊಳಗಿನ ಹುಳ ಸಾಯಬಾರದೆಂದು ಅವರ ಜೈನ ಮನೆಯಲ್ಲಿ ನೀರನ್ನು ಅರಿವೆಯಲ್ಲಿ ಸೋಸದೆ ಕುಡಿಯುವುದಿಲ್ಲ. ಹಾಗೆ ಹಳತಾದ ಅರಿವೆಗಳನ್ನೇ ಎರಡೆರಡು ಟ್ಯಾಂಕಿನ ಬಾಯಿಗೆ ಹಾಸಿ ಡಿಸೇಲ್ ಸೋಸುತ್ತಾರೆ. ಹುಳಕ್ಕೂ ದಯೆ. ಡ್ರೈವರನಿಗೆ ಮಾತ್ರ... ಇರಲಿ.

೧೫ ನವೆಂಬರ್
ಮಿಸ್ತ್ರಿ ಫೀಡ್ ಪಂಪ್ ಬಿಚ್ಚಿ ತೊಳೆದ. ಪಂಪಿನದು ತಪ್ಪಿಲ್ಲ ಎಂದ. ಹಾಗಾದರೆ ನಿನ್ನದೇ ಎಂಬಂತೆ ನನ್ನನ್ನು ನೋಡಿದ.
ನಾನು ಡಿಸೇಲ್ ಕಳ್ಳನೆಂಬ ಸುದ್ದಿ ಹಬ್ಬಿದೆ. ನಿಪ್ಪಾಣಿಯ ಚಹಾದಂಗಡಿಯಲ್ಲಿ ಕಾಕಾಸಾಹೇಬ, ಸ್ಟೇರಿಂಗ್ ಹಿಡಿಯಲು ನನ್ನಿಂದಲೇ ಕಲಿತವನು, ಎಲ್ಲರೆದುರು ಕೇಳಿದ: "ಏನ ಉಸ್ತಾದ, ಡಿಸೇಲ ಹ್ಯಾಂಗ ಲೀಟರ?"
ಎಲ್ಲರೂ ನಕ್ಕರು. ನಾನೂ ನಕ್ಕೆ. ಈ ಹೆಸರು ಅಂಟಿಕೊಂಡರೆ ಕಾಗವಾಡದಿಂದ ರಾಯಬಾಗದವರೆಗೆ ಯಾರೂ ನನ್ನ ಕೈಗೆ ಗಾಡಿ ಕೊಡುವುದಿಲ್ಲ.

೧೯ ನವೆಂಬರ್, ಅಥಣಿ
ತೆಲಸಂಗ ದಾಟಿದ ಮೇಲೆ ಬಂದ್. ಸಿಟ್ಟಿಗೆದ್ದು ಡಿಸೇಲ್ ಪೈಪ್ ಬಿಚ್ಚಿ, ಟ್ಯಾಂಕಿನ ಕಡೆಗೆ ಬಾಯಿಟ್ಟು ಊದಿದೆ. ಮೊದಲು ಬಿಗಿ... ಆಮೇಲೆ ಗುಳುಗುಳು. ಮತ್ತೆ ಜೋಡಿಸಿ ಹೊಡೆದರೆ ಕುದುರೆಯಂತೆ ಓಡಿತು.
ಅಂದರೆ ಟ್ಯಾಂಕಿನಲ್ಲೇ ಏನೋ ಇದೆ. ಲೋಡಿಗೆ ಇಂಜಿನ್ ಜೋರಾಗಿ ಎಳೆದಾಗ ಪೈಪಿನ ಬಾಯಿಗೆ ಬಂದು ಕೂರುತ್ತದೆ, ನಿಂತಾಗ ಕಳಚಿಕೊಳ್ಳುತ್ತದೆ. ಇಲ್ಲಿ ಲೋಡು ಇಳಿಸಿ, ಡಿಸೇಲ್ ಖಾಲಿ ಮಾಡಿ, ತಂತಿ ಬಗ್ಗಿಸಿ ಒಳಗೆ ಮೀಟಿದೆ. ಬಂತು — ಕೆಂಪು ಅಂಚಿನ ಅರಿವೆ. ಸಾವಕಾರರ ಅರಿವೆ!
ರಸ್ತೆಯಲ್ಲೇ ಕುಣಿಯಬೇಕೆನಿಸಿತು. ಬಚಾವಾದೆ.

೨೦ ನವೆಂಬರ್
ಅರಿವೆ ಒಯ್ದು ಸಾವಕಾರರ ಕಟ್ಟೆಯ ಮೇಲೆ ಇಟ್ಟೆ. ಅವರ ಹೆಂಡತಿ ತಾರಾಬಾಯಿ ಬಾಗಿಲಿಗೆ ಬಂದು, "ಅಯ್ಯ, ಇದು ನಮ್ದ ಸೋಸೂ ಅರಿವಿ..." ಎಂದವರು ಗಂಡನ ಮುಖ ನೋಡಿ ಒಳಗೆ ಹೋದರು.
"ನಮ್ದ ಹೌದು. ನಿನ್ನ ಕೈಯಾಗ ಹ್ಯಾಂಗ ಬಂತು?"
"ಟ್ಯಾಂಕಿನ್ಯಾಗ ಇತ್ರಿ ಸಾವಕಾರ್ರ. ನೀವು ಸೋಸುವಾಗ ಒಂದು ಒಳಗ ಜಾರೇತ್ರಿ."
"ನಾ ಬೀಳಸ್ತೀನಿ? ಕಳವು ಮುಚ್ಚಾಕ ನೀನ ತುರುಕಿ, ನೀನ ತಗದ ತಂದಿ."
ಅರಿವೆ ಅಲ್ಲೇ ಬಿಟ್ಟು ಕಟ್ಟೆ ಇಳಿದೆ.

೩ ಡಿಸೆಂಬರ್
ಅಂದಿನಿಂದ ಗಾಡಿ ಒಮ್ಮೆಯೂ ನಿಂತಿಲ್ಲ. ಸಾವಕಾರರು ಅದನ್ನೇ ಊರಿಗೆಲ್ಲ ಸಾರುತ್ತಿದ್ದಾರೆ: ದಮ್ ಕೊಟ್ಟು ಗದರಿಸಿದೆ, ಕಳವು ನಿಂತಿತು, ಗಾಡಿ ಓಡಿತು. ಇವತ್ತು ಚಹಾದಂಗಡಿಯಲ್ಲಿ ಎಲ್ಲರೆದುರು ನನ್ನ ಬೆನ್ನು ತಟ್ಟಿದರು.
"ಆಗಿದ್ದ ಆಗಿ ಹೋತು. ಮಕ್ಕಳು ಮರಿ ಇದ್ದಾಂವ ಅದಿ. ಮಾಫ್ ಮಾಡೇನಿ ತಗೋ."
ದೊಡ್ಡ ಮನಸ್ಸು, ಅಂದರು ಸುತ್ತಲಿನವರು. ಗಾಡಿ ಕೆಟ್ಟೇ ಇದ್ದಿದ್ದರೆ ಬರೀ ಸಂಶಯ ಇರುತ್ತಿತ್ತು. ಸರಿ ಮಾಡಿದೆ ನೋಡು, ಕಳ್ಳನಾದೆ. ಥೂ.

೪ ಡಿಸೆಂಬರ್, ಬೆಳಿಗ್ಗೆ
ಕೆಲಸ ಬಿಡುತ್ತೇನೆ ಎಂದೆ ಹೆಂಡತಿ ಅಕ್ಕುತಾಯಿಗೆ. ರೊಟ್ಟಿ ಬಡಿಯುತ್ತಿದ್ದಳು. ಎಲ್ಲವನ್ನೂ ಮೊದಲಿಂದ ಕೊನೆಯವರೆಗೆ ಹೇಳಿಕೊಂಡಿದ್ದು ಇವಳೊಬ್ಬಳ ಹತ್ತಿರವೇ. ಆಗ ಹೂಂ ಹೂಂ ಎಂದು ಕೇಳಿದ್ದಳು. ಇವಳಾದರೂ ನಂಬಿದಳಲ್ಲ ಎಂದುಕೊಂಡಿದ್ದೆ. ಈಗ ಕೈ ನಿಲ್ಲಿಸದೆ ಹೇಳಿದಳು:
"ಬಿಡಬ್ಯಾಡ್ರಿ. ಮಾಫ್ ಮಾಡ್ಯಾರಲ್ಲ. ಇನ್ನ ಮ್ಯಾಲ ಮಾರಬ್ಯಾಡ್ರಿ, ಅಷ್ಟ."
ತಟ್ಟೆ ಸರಿಸಿ ಎದ್ದೆ. ನನ್ನ ಅಕ್ಕುವೂ ನನ್ನನ್ನು ಕಳ್ಳನೆಂದೇ —