ಓಡಿಸುವವಳ ಹೆಸರು

ಕತ್ರಿಗುಪ್ಪೆ, ಬೆಂಗಳೂರು
12 ನವೆಂಬರ್ 2025, ಬುಧವಾರ

ಪ್ರೀತಿಯ ಮನೆಯವರಿಗೆ ಉಮಾ ಮಾಡುವ ಶರಣು.

ನಿಮ್ಮ ಕಣ್ಣು ಹೇಗಿದೆ? ಬೆಳಗ್ಗೆ, ರಾತ್ರಿ ಹನಿ ತಪ್ಪದೆ ಹಾಕಿಕೊಳ್ಳುತ್ತಿದ್ದೀರಾ? ಬಾಟಲಿ ತೆರೆದು ತಿಂಗಳಾದ ಮೇಲೆ ಅದನ್ನು ಬಳಸಬಾರದೆಂದು ಡಾಕ್ಟರು ನಿಮ್ಮೆದುರೇ ಹೇಳಿದ್ದಾರೆ. ತಳದಲ್ಲಿ ಇನ್ನೂ ಇದೆ ಎಂದು ಮುಂದುವರಿಸಬೇಡಿ, ಹೊಸದು ತರಿಸಿಕೊಳ್ಳಿ. ಭಾವನವರ ಬಲಗೈ ಸ್ವಲ್ಪ ಆಡುತ್ತಿದೆ, ಲೋಟ ಹಿಡಿಯುತ್ತಾರೆ ಎಂದು ಓರಗಿತ್ತಿ ಅಕ್ಕ ಹೇಳಿದರು. ಕೇಳಿ ಸಮಾಧಾನವಾಯಿತು. ಲಕ್ವಾ ಹೊಡೆದ ಅಣ್ಣನನ್ನು ನೋಡಿಕೊಳ್ಳಲು ಹೋದವರನ್ನು ಬೇಗ ಬನ್ನಿ ಎಂದು ಕರೆಯುವವಳು ನಾನಲ್ಲ. ಎರಡು ತಿಂಗಳಲ್ಲ, ನಾಲ್ಕಾದರೂ ಇರಿ. ಆದರೆ ಸಂಜೆ ಹೊರಗೆ ಕೂರುವಾಗ ತಲೆಗೆ ಮಫ್ಲರ್ ಸುತ್ತಿಕೊಳ್ಳಿ. ತಿಪಟೂರಿನ ಗಾಳಿ ನಿಮಗೆ ಆಗುವುದಿಲ್ಲ.

ದಿನಾ ಫೋನಿನಲ್ಲಿ ಮಾತಾಡುತ್ತಿರುವಾಗ ಕಾಗದ ಯಾಕೆ ಎಂದು ನೀವು ಕೇಳಬಹುದು. ಅಲ್ಲಿ ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಅಡುಗೆಮನೆಯವರೆಗೆ ಎಲ್ಲರಿಗೂ ಕೇಳುತ್ತದೆ. ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀವು ಆಮೇಲೆ ಮಾತಾಡೋಣ ಅನ್ನುತ್ತೀರಿ. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ನಿಮ್ಮ ಆ 'ಆಮೇಲೆ' ಬಂದದ್ದನ್ನು ನಾನು ಕಂಡಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ, ಓದಿ ಮುಗಿಸಲೇಬೇಕು.

ಹೋದ ಭಾನುವಾರ ಗೊಟ್ಟಿಗೆರೆಯಿಂದ ನಿಮ್ಮ ಅಕ್ಕನ ಮಗ ಮಹಾಂತೇಶ ಬಂದಿದ್ದ. ಊಟದ ಹೊತ್ತಿಗೇ ಬಂದ, ಒಳ್ಳೆಯದೇ ಆಯಿತು, ಒಬ್ಬಳೇ ಉಣ್ಣುವುದು ತಪ್ಪಿತು. ಕೈ ತೊಳೆಯುವ ಮೊದಲು ಕಾರಿಗೆ ಎರಡು ಸುತ್ತು ಹಾಕಿದ, ಟೈರನ್ನು ಕಾಲಿನಿಂದ ಒತ್ತಿ ನೋಡಿದ. ಹುಡುಗ ಬಹಳ ದಿನದ ಮೇಲೆ ಬಂದಿದ್ದಾನೆ, ನೋಡಿಕೊಳ್ಳಲಿ ಎಂದುಕೊಂಡೆ. ಎಲೆಯ ಮುಂದೆ ಕೂತು ಹೇಳಿದ: "ಅತ್ತೆ, ಮಾವ ಹೇಳಿರ್ತಾರಲ್ಲ, ಎಂಬತ್ತು ಸಾವಿರಕ್ಕೆ ಮಾತಾಗಿದೆ. ಇಪ್ಪತ್ತನೇ ತಾರೀಖು ಇನ್ಶೂರೆನ್ಸ್ ಮುಗಿಯುತ್ತಂತೆ, ಅಷ್ಟರೊಳಗೆ ತಗೊಂಡು ಹೋಗ್ಬಿಡ್ತೀನಿ." ಒಂಬತ್ತು ವರ್ಷ ಓಡಿಸಿದ ಕಾರು ಮಾರಾಟವಾಗಿದೆಯೆಂದು ನನಗೆ ತಿಳಿದದ್ದು ಹೀಗೆ, ಅವನ ಎಲೆಗೆ ಕೋಸಂಬರಿ ಬಡಿಸುತ್ತಿರುವಾಗ. ನನ್ನ ಮುಖ ನೋಡಿ ಅವನಿಗೂ ಏನೋ ಅನ್ನಿಸಿರಬೇಕು. "ನಿಮಗೆ ಯಾಕತ್ತೆ ಈ ತಲೆನೋವು, ಮೊಬೈಲಲ್ಲಿ ಆಟೋ ಕರೆದ್ರೆ ಎರಡು ನಿಮಿಷದಲ್ಲಿ ಬಾಗಿಲಿಗೇ ಬರುತ್ತೆ" ಅಂದ. ಎರಡು ನಿಮಿಷ ಅಂತ ತೋರಿಸುತ್ತೆ ಕಣೋ, ಬರಲ್ಲ ಅಂದೆ. ಅವನ ಮೇಲೆ ನನಗೆ ಕೋಪವಿಲ್ಲ. ಅಗ್ಗಕ್ಕೆ ಕೊಟ್ಟರೆ ಯಾರು ಬೇಡ ಅನ್ನುತ್ತಾರೆ?

ಅವನು ಹೋದ ಮೇಲೆ ನಿಮಗೆ ಫೋನು ಮಾಡಿದಾಗ ನೀವು ಹೇಳಿದ ಮಾತು ನನಗೆ ಅಕ್ಷರಕ್ಷರವೂ ನೆನಪಿದೆ. "ವರ್ಷಕ್ಕೆ ಎಷ್ಟು ಓಡಿಸ್ತೀಯ ಉಮಾ? ನಿಂತಿರೋ ಕಾರಿಗೆ ಹನ್ನೊಂದೂವರೆ ಸಾವಿರ ಇನ್ಶೂರೆನ್ಸ್ ಯಾಕೆ ಕಟ್ಟಬೇಕು?" ಆಮೇಲೆ ಅದೇ 'ಆಮೇಲೆ'. ನಾನು ಹನುಮಂತನಗರದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಹೇಳಿದವಳು. ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡದೆ ಬಿಡುವ ಅಭ್ಯಾಸ ನನಗಿಲ್ಲ. ಸೋಮವಾರ ಬೆಳಗ್ಗೆ ಬೀರುವಿನಿಂದ ಪಾಲಿಸಿ ತೆಗೆದು, ಕನ್ನಡಕದ ಮೇಲೆ ನಿಮ್ಮ ಭೂತಗನ್ನಡಿಯನ್ನೂ ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ. ನೀವು ಒಂದು ವರ್ಷವೂ ಓದಿಲ್ಲ ಎಂಬುದು ಎರಡನೇ ಪುಟಕ್ಕೇ ಗೊತ್ತಾಯಿತು.

ಮೊದಲನೆಯದು, ಕಾರಿನ ಬೆಲೆ. ಪಾಲಿಸಿಯಲ್ಲಿ ಮೂರು ಲಕ್ಷದ ನಲವತ್ತು ಸಾವಿರ ಎಂದಿದೆ. ಏಜೆಂಟ್ ವೆಂಕಟಸ್ವಾಮಿ ಪ್ರತಿ ವರ್ಷ ಇಳಿಸೋಣವಾ ಎಂದು ಕೇಳಿದಾಗಲೂ ನೀವು "ನಮ್ಮ ಗಾಡಿ ಮರ್ಯಾದೆ ಕಡಿಮೆ ಮಾಡ್ಬೇಡಪ್ಪ" ಅನ್ನುತ್ತಿದ್ದಿರಿ. ಆ ಬೆಲೆಯ ಮೇಲೆಯೇ ಕಂತು ಏರುತ್ತದೆ ಎಂದು ಅವನು ಹೇಳಿದರೂ ನಿಮ್ಮ ಕಿವಿಗೆ ಬೀಳಲಿಲ್ಲ. ನನ್ನದೊಂದೇ ಪ್ರಶ್ನೆ. ಕಂಪನಿಗೆ ಹಣ ಕಟ್ಟುವಾಗ ಮೂರು ಲಕ್ಷದ ನಲವತ್ತು ಸಾವಿರದ ಕಾರು, ನಿಮ್ಮ ಅಕ್ಕನ ಮಗನಿಗೆ ಕೊಡುವಾಗ ಎಂಬತ್ತು ಸಾವಿರದ್ದು ಹೇಗಾಯಿತು? ಜೊತೆಗೆ ಬೀಗದ ಕೈ ಕಳೆದರೆ ಒಂದು ವಿಮೆ, ಟೈರಿಗೆ ಒಂದು ವಿಮೆ. ಸೆರಗಿನ ತುದಿಗೆ ಬೀಗದ ಕೈ ಕಟ್ಟಿಕೊಂಡು ಓಡಾಡುವವಳ ಮನೆಯಲ್ಲಿ ಅದಕ್ಕೂ ಹಣ ಕಟ್ಟಿದ್ದೀರಿ.

ಅಂದೇ ವೆಂಕಟಸ್ವಾಮಿಯನ್ನು ಕರೆಸಿದೆ. ಗೇಟಿನ ಹೊರಗೇ ನಿಂತು "ಸಾರ್ ಇಲ್ವಾ ಮೇಡಂ? ಬಂದ್ಮೇಲೆ ಬರ್ತೀನಿ ಬಿಡಿ" ಅಂದ. ಒಳಗೆ ಬಾಪ್ಪ, ಕಾಫಿ ಕುಡಿ, ಓಡಿಸುವವಳು ಇಲ್ಲೇ ಇದ್ದೀನಿ ಎಂದು ಕೂರಿಸಿದೆ. ಕಡಿಮೆ ಓಡುವ ಕಾರಿಗೆ ಕಡಿಮೆ ಕಂತು ಇರುವ ಪಾಲಿಸಿ ಇದೆಯಲ್ಲ, ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಸಾರ್ ಕೇಳ್ಲಿಲ್ಲ ಮೇಡಂ, ಸಾರ್‌ಗೆ ಫುಲ್ಲೇ ಇಷ್ಟ" ಅಂದ. ನಿಮ್ಮ ದಾಕ್ಷಿಣ್ಯಕ್ಕೆ ಎಷ್ಟು ವರ್ಷದಿಂದ ಬೆಲೆ ತೆರುತ್ತಿದ್ದೇವೆ ನೋಡಿ. ವಿಷಯ ಇಷ್ಟೇ. ಬೇರೆಯವರಿಗೆ ಆಗುವ ಹಾನಿಯ ವಿಮೆ ಸರ್ಕಾರ ಗೊತ್ತು ಮಾಡಿದ್ದು, ಅದರಲ್ಲಿ ಪೈಸೆ ಇಳಿಯುವುದಿಲ್ಲ. ನಮ್ಮ ಕಾರಿಗೇ ಆಗುವ ಹಾನಿಯ ಭಾಗ ಮಾತ್ರ ಇಳಿಯುತ್ತದೆ, ವರ್ಷಕ್ಕೆ ಇಷ್ಟೇ ಕಿಲೋಮೀಟರು ಓಡಿಸುತ್ತೇವೆ ಎಂದು ಒಪ್ಪಿಕೊಂಡರೆ. ಮಿತಿ ಮುಟ್ಟುವ ಮೊದಲೇ ಹೇಳಿ ಹೆಚ್ಚಿನ ಕಿಲೋಮೀಟರು ಕೊಂಡುಕೊಳ್ಳಬಹುದು. ಹೇಳದೆ ದಾಟಿದರೆ ರಿಪೇರಿಗೆ ಪೂರ್ತಿ ಹಣ ಸಿಗದು. ಹೋದ ವರ್ಷದ ಸರ್ವೀಸ್ ಬಿಲ್ಲಿನಿಂದ ಇವತ್ತಿನವರೆಗೆ ನಾನು ಓಡಿಸಿರುವುದು ಸಾವಿರದ ಎಂಟುನೂರ ತೊಂಬತ್ತು ಕಿಲೋಮೀಟರು. ಗಾಂಧಿಬಜಾರು, ಜಯನಗರದ ಲೈಬ್ರರಿ, ಪಕ್ಕದ ಮನೆ ಈಶ್ವರಮ್ಮನವರ ಆಸ್ಪತ್ರೆ, ಎರಡು ಸಲ ತಿಪಟೂರು, ಎಲ್ಲ ಸೇರಿ ಇಷ್ಟು. ಎರಡೂವರೆ ಸಾವಿರದ ಮಿತಿ ಧಾರಾಳವಾಗಿ ಸಾಕು. ಕಡಿಮೆ ಓಡಿಸುವುದು ಬೇರೆ, ಬೇಡದಿರುವುದು ಬೇರೆ. ವಯಸ್ಸಾಗಿ ಒಂದು ಮುದ್ದೆ ಕಡಿಮೆ ಉಂಡರೆ ತಟ್ಟೆ ಮಾರುತ್ತೇವೆಯೇ?

ಕಂಪನಿಗೆ ಮೀಟರಿನ ವಿಡಿಯೊ ಬೇಕಂತೆ. ವೆಂಕಟಸ್ವಾಮಿ ಕೈಚಾಚಿದ, ನಾನೇ ತೆಗೆಯುತ್ತೇನೆ ಎಂದೆ. ಇಂಜಿನ್ ಚಾಲೂ ಮಾಡಿ, ಮೀಟರು ತೋರಿಸಿ, ಕಾರಿಗೆ ಪೂರ್ತಿ ಒಂದು ಸುತ್ತು ಬಂದೆ. ಮೊದಲ ಸಲ ಬೆರಳು ಅಡ್ಡ ಬಂತು, ಎರಡನೇ ಸಲ ಸರಿಯಾಯಿತು. ನಡುವೆ ದಂಟಿನ ಸೊಪ್ಪು ಎಂದು ಕೂಗುವುದೂ ಸೇರಿಕೊಂಡಿದೆ, ಕಂಪನಿಯವರು ಕೇಳಲಿ. ಬೆಲೆಯನ್ನು ಇರುವಷ್ಟಕ್ಕೆ ಇಳಿಸಿ, ಬೀಗದ ಕೈ, ಟೈರು ತೆಗೆಸಿದೆ. ಹನ್ನೊಂದು ಸಾವಿರದ ಆರುನೂರ ನಲವತ್ತು ಇದ್ದದ್ದು ಆರು ಸಾವಿರದ ಒಂಬೈನೂರಕ್ಕೆ ಬಂತು. ನನ್ನ ಪಿಂಚಣಿಯಿಂದ ಕಟ್ಟಿ ಆಗಿದೆ. ಸೋಮವಾರ ಮಧ್ಯಾಹ್ನ ನಿಮ್ಮ ಮೊಬೈಲಿಗೆ ಆರು ಅಂಕಿಯ ಓಟಿಪಿ ಬಂದಿತ್ತಲ್ಲ, ಓದಿ ಹೇಳಿ ಎಂದೆ, ಓದಿ ಹೇಳಿದಿರಿ. ಯಾತಕ್ಕೆ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇನ್ನು ಮುಂದೆ ಯಾರು ಕೇಳಿದರೂ ಹಾಗೆ ಹೇಳಬೇಡಿ, ನನ್ನನ್ನು ಬಿಟ್ಟು.

ಇಷ್ಟೇ ಆಗಿದ್ದರೆ ನಗುತ್ತಾ ಬರೆದು ಮುಗಿಸುತ್ತಿದ್ದೆ. ಆದರೆ ಪಾಲಿಸಿಯ ಮೂರನೇ ಪುಟದಲ್ಲಿ ಇನ್ನೊಂದು ಸಾಲು ಇತ್ತು. ಮಾಲೀಕ ಚಾಲಕನಿಗೆ ಅಪಘಾತ ವಿಮೆ, ಹದಿನೈದು ಲಕ್ಷ. ಅದರ ಕೆಳಗೆ, ಮಾಲೀಕರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇದ್ದರೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದಿದೆ. ನಿಮಗೆ ಗ್ಲಾಕೋಮಾ ಎಂದು ಗೊತ್ತಾಗಿ ಸ್ಟೇರಿಂಗ್ ಬಿಟ್ಟು ಐದು ವರ್ಷ ದಾಟಿತು, ಲೈಸೆನ್ಸ್ ಮುಗಿದದ್ದೂ ಅದೇ ವರ್ಷ. ಅಂದರೆ ಓಡಿಸದ ನಿಮಗೆ ಐದು ವರ್ಷ ವಿಮೆ ಕಟ್ಟಿದ್ದೇವೆ, ಅದು ನಿಮಗೂ ಸಿಗುತ್ತಿರಲಿಲ್ಲ. ಓಡಿಸುವ ನನಗೆ ಅದರಲ್ಲಿ ಜಾಗವೇ ಇಲ್ಲ, ಯಾಕೆಂದರೆ ನಾನು ಮಾಲೀಕಳಲ್ಲ. ಬನಶಂಕರಿ ದೇವಸ್ಥಾನದ ಸಿಗ್ನಲ್ಲಿನಲ್ಲಿ ಯಾವನಾದರೂ ಬಂದು ಗುದ್ದಿದ್ದರೆ, ಆ ಸಾಲಿನ ಪ್ರಕಾರ ಕಾರಿನಲ್ಲಿ ಚಾಲಕರೇ ಇರಲಿಲ್ಲ.

ಇದೇನು ಹೊಸದಲ್ಲ, ನನಗೆ ಹಳೆಯದೆಲ್ಲ ನೆನಪಿರುತ್ತದೆ. 1991ರಲ್ಲಿ ಏಳು ವರ್ಷ ಕಾದು ಫೋನು ಬಂದಾಗ ನಿಮ್ಮ ಹೆಸರಿನಲ್ಲಿ ಅರ್ಜಿ ಬರೆದವಳು, ಎಕ್ಸ್‌ಚೇಂಜಿಗೆ ಹತ್ತು ಸಲ ಅಲೆದವಳು ನಾನು. ಜೋಡಿಸಲು ಬಂದವನು "ಫೋನಿನವರು ಇಲ್ವಾ ಅಮ್ಮಾ?" ಎಂದು ಕೇಳಿ ವಾಪಸ್ ಹೋದ. ಗ್ಯಾಸು ನಿಮ್ಮ ಹೆಸರು, ಅಡುಗೆ ನನ್ನದು. ಈ ಮನೆಗೆ ನಾನು ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದೆ, ಕರೆಂಟು, ನೀರು ಎರಡೂ ನಿಮ್ಮ ಹೆಸರಿಗೇ ಬರುತ್ತವೆ. ಆಗ ಸುಮ್ಮನಿದ್ದೆ. ಕ್ಲಾಸಿನಲ್ಲಿ ಹಕ್ಕುಗಳ ಪಾಠ ಮಾಡಿ ಮನೆಗೆ ಬಂದು ಸುಮ್ಮನಿದ್ದೆ, ಅದು ನನ್ನ ತಪ್ಪೇ.

ನಿಮ್ಮ ಭಯ ನನಗೆ ಗೊತ್ತಿಲ್ಲವೆಂದಲ್ಲ. ಆಗಸ್ಟಿನಲ್ಲಿ ನಾನು ಗೇಟಿನ ಕಂಬಕ್ಕೆ ಕಾರಿನ ಬಾಗಿಲು ಉಜ್ಜಿದ ದಿನ ನೀವು ಪಕ್ಕದಲ್ಲೇ ಕೂತಿದ್ದಿರಿ. ಎಡಗಡೆ ನಿಮಗೆ ಅಷ್ಟಾಗಿ ಕಾಣಿಸುವುದಿಲ್ಲ, ಶಬ್ದ ಮಾತ್ರ ಕೇಳಿಸಿತು. ಆ ರಾತ್ರಿ ನೀವು ಊಟ ಸರಿಯಾಗಿ ಮಾಡಲಿಲ್ಲ. ಇವಳಿಗೆ ಅರವತ್ತೆಂಟಾಯಿತು, ಸಾಕು ಎಂದು ನೀವು ಅಂದುಕೊಂಡದ್ದು ಅವತ್ತೇ. ಅದನ್ನು ನನ್ನೆದುರು ಹೇಳಿದ್ದರೆ ಜಗಳವಾಡುತ್ತಿದ್ದೆ, ಆದರೆ ಕೇಳಿಸಿಕೊಳ್ಳುತ್ತಿದ್ದೆ. ನೀವು ಇನ್ಶೂರೆನ್ಸಿನ ಲೆಕ್ಕ ಮುಂದೆ ಮಾಡಿ, ಅಕ್ಕನ ಮಗನ ಕೈಲಿ ಹೇಳಿಸಿದಿರಿ. ನನ್ನ ಕಣ್ಣು, ಕಾಲು, ಕೈ ಎಲ್ಲವನ್ನೂ ಡಾಕ್ಟರಿಗೆ ತೋರಿಸಿ ಬಂದಿದ್ದೇನೆ, ಓಡಿಸಬಹುದು ಎಂದಿದ್ದಾರೆ. ಬೇಡ ಎಂದು ಅವರು ಹೇಳುವ ದಿನ ಬೀಗದ ಕೈಯನ್ನು ನಾನೇ ಕೆಳಗಿಡುತ್ತೇನೆ. ಆ ದಿನವನ್ನು ಮಹಾಂತೇಶ ಗೊತ್ತು ಮಾಡುವುದು ಬೇಡ.

ಅವನಿಗೆ ಇಲ್ಲವೆಂದು ಹೇಳಿಯಾಗಿದೆ. "ಮಾವನಿಗೆ ಏನ್ ಹೇಳ್ಲಿ?" ಅಂದ. ಅತ್ತೆ ಕಾಗದ ಬರೀತಾಳೆ ಅನ್ನು, ಅಂದೆ. ಭಾವನವರಿಗೆ, ಅಕ್ಕನಿಗೆ ನನ್ನ ಶರಣು. ಶಿವ ಎಲ್ಲರನ್ನೂ ಚೆನ್ನಾಗಿಟ್ಟಿರಲಿ, ನಿಮ್ಮನ್ನು ಒಂದು ಹಿಡಿ ಹೆಚ್ಚಾಗಿ.

ನಿಮ್ಮವಳೇ,
ಉಮಾಮಹೇಶ್ವರಿ

ಅಂಟಿಸುವ ಮೊದಲು ಇನ್ನೊಂದು: ಪಾಲಿಸಿಯ ಜೊತೆ ಬೀರುವಿನಲ್ಲಿ, ಮಹಾಂತೇಶನಿಗೆ ಕೊಡಲೆಂದು ನೀವು ಸಹಿ ಮಾಡಿಟ್ಟು ಹೋದ ವರ್ಗಾವಣೆಯ ಅರ್ಜಿ ಸಿಕ್ಕಿತು. ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದಿರಿ. ಅಲ್ಲಿ ನನ್ನ ಹೆಸರು ಬರೆದಿದ್ದೇನೆ. ಮುಂದಿನ ಬುಧವಾರ ಜಯನಗರದ ಆರ್‌ಟಿಓಗೆ ಕೊಡುತ್ತೇನೆ. ಬೇಡ ಎನ್ನುವುದಾದರೆ ಅಷ್ಟರೊಳಗೆ ಹೇಳಿ, ಸ್ಪೀಕರು ಆರಿಸಿ ಹೇಳಿ. ವೆಂಕಟಸ್ವಾಮಿ ಇವತ್ತೂ ಬಂದು ಹೆಸರು ಬದಲಿಸುವುದು ಬೇಡ ಅಂದ. "ಯೋಚ್ನೆ ಮಾಡಿ ಮೇಡಂ, ಐದು ವರ್ಷ ಕ್ಲೇಮ್ ಮಾಡ್ದೆ ಇರೋದಕ್ಕೆ ಗಾಡಿ ಹಾನಿ ಕಂತಲ್ಲಿ ಅರ್ಧಕ್ಕರ್ಧ ಬೋನಸ್ ಸಿಕ್ಕಿರೋದು ಸಾರ್ ಹೆಸರಿಗೆ, ಗಾಡಿಗಲ್ಲ. ನಿಮ್ಮ ಹೆಸರಿಗೆ ಬಂದ ತಕ್ಷಣ ಅದು ಹೋಗುತ್ತೆ. ನೀವು ಉಳಿಸಿದ್ರಲ್ಲಿ ಮುಕ್ಕಾಲು ಪಾಲು ವಾಪಸ್ ಕಟ್ಟಬೇಕು." ಆ ಐದೂ ವರ್ಷ ಯಾರಿಗೂ ತಗುಲಿಸದೆ ಓಡಿಸಿದ್ದು ನಾನು, ಕಂಬಕ್ಕೆ ಉಜ್ಜಿದ ಬಣ್ಣಕ್ಕೂ ಕೈಯಿಂದಲೇ ಹಣ ಕೊಟ್ಟಿದ್ದು ನಾನು. ಬೋನಸ್ಸು ನಿಮ್ಮದಂತೆ. ನೀವೇ ಇಟ್ಟುಕೊಳ್ಳಿ. ನಾನು ನನ್ನ ಹೆಸರಿನಲ್ಲಿ ಸೊನ್ನೆಯಿಂದ ಶುರುಮಾಡುತ್ತೇನೆ.