ಉದ್ದವಾದ ಪ್ಲಾಟ್‌ಫಾರ್ಮ್

ಸಂಭಾಜಿನಗರ, ಸಂಜೆ ಏಳು ಗಂಟೆ

ಉಮಾನಾಥ ಭಾವನವರಿಗೆ ಸರೋಜಿನಿಯ ನಮಸ್ಕಾರ.

ಇವತ್ತು ಹಪ್ಪಳ ಒಣಗಿಸಿ ಎತ್ತಿಟ್ಟು, ಮಗಳ ಜೊತೆ ಸ್ಟೇಷನ್ನಿಗೆ ಹೋಗಿದ್ದೆ. ಲೋಕಲ್ ಗಾಡಿಗೆ ಬೋಗಿ ಹೆಚ್ಚಿಸುತ್ತಾರಂತೆ. ಅದಕ್ಕೆ ಪ್ಲಾಟ್‌ಫಾರ್ಮ್ ಉದ್ದ ಮಾಡಿದ್ದಾರೆ. ಅಂದು ಕೊನೆಯ ಬೋಗಿ ಪ್ಲಾಟ್‌ಫಾರ್ಮಿನ ಆಚೆ ನಿಂತಾಗ ನಿಮ್ಮ ತಮ್ಮ ಇಳಿಯಲು ಹೋಗಿ ಬಿದ್ದು ತೀರಿಕೊಂಡ ಜಾಗ ಈಗ ಕಾಂಕ್ರೀಟಿನ ಕೆಳಗಿದೆ. ಅವರ ತಿಥಿಯ ದಿನ ಕಾಗೆಗೆ ಎಡೆ ಇಡುತ್ತಿದ್ದದ್ದು ಅಲ್ಲೇ. ಮನೆಯ ತಾರಸಿಯಲ್ಲಿ ಇಟ್ಟರೆ ಕಾಗೆ ಮುಟ್ಟುತ್ತಿರಲಿಲ್ಲ.

"ಅಳಬೇಡ ಅಮ್ಮಾ, ಇನ್ನು ಇಲ್ಲಿ ಯಾರೂ ಬೀಳಲ್ಲ" ಎಂದಳು ಅಪೇಕ್ಷಾ. ಅವಳು ಹೇಳಿದ್ದು ಸರಿ. ಅಲ್ಲಿದ್ದ ಕೆಲಸಗಾರರಿಗೆ, ಒಳ್ಳೆಯದು ಮಾಡಿದಿರಿ ಎಂದು ಹೇಳಿ ಬಂದೆ.

ಈ ಸಲದ ಎಡೆಯನ್ನು ನೀವೇ ನಾಸಿಕದಲ್ಲಿ ಗೋದಾವರಿ ದಂಡೆಯ ಮೇಲೆ ಇಡುತ್ತೀರಾ? ಅವರಿಗೆ ಕೊಟ್ಟೆ ಕಡುಬು ಇಷ್ಟ. ಕೊಟ್ಟೆ ಕಟ್ಟಲು ಹಲಸಿನ ಎಲೆ ಸಿಗದಿದ್ದರೆ ನಿಮ್ಮ ಹೋಟೆಲಿನ ಇಡ್ಲಿಯೇ ಸಾಕು. ಕಾಗೆ ಕೂಡಲೇ ಬರದಿದ್ದರೆ ದಯವಿಟ್ಟು ಸ್ವಲ್ಪ ಕಾಯಿರಿ. ಅವರು ಊಟಕ್ಕೆ ಯಾವಾಗಲೂ ತಡವಾಗಿಯೇ ಬರುತ್ತಿದ್ದರು.

ನಾಳೆಯಿಂದ ಉದ್ದದ ಗಾಡಿ ಓಡುತ್ತದೆ. ಅಪೇಕ್ಷಾ ಅದರಲ್ಲೇ ಕೆಲಸಕ್ಕೆ ಹೋಗುತ್ತಾಳೆ.

ಇಂತಿ,
ಸರೋಜಿನಿ